ಮಗಳ ಪಠ್ಯದಲ್ಲಿ ಸತಿ ಹೋಗಲು ಹೊರಟ ಹುಡುಗಿ: ಶಾಲೆಗೆ ದೂರು ಕೊಡಲೇ?

ಪ್ರಶ್ನೆ: ಮೇಡಂ, ನಾವು ಹಾಸನದ ಕಡೆಯವರು, 2006ರಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಹನ್ನೊಂದನೇ ಕ್ಲಾಸು. ಈ ವರ್ಷ ಇಂಗ್ಲಿಷ್ ತರಗತಿಗೆ ಭಾರತಿ ಮುಖರ್ಜಿಯವರ ‘ಜಾಸ್ಮಿನ್’ ಕಾದಂಬರಿ ಇಟ್ಟಿದ್ದಾರೆ. ಪಂಜಾಬಿನ ಹುಡುಗಿಯೊಬ್ಬಳು ಗಂಡ ಸತ್ತ ಮೇಲೆ ಸತಿ ಹೋಗಬೇಕೆಂದೇ ಅಮೆರಿಕಕ್ಕೆ ಬರುವ ಕಥೆ. ಟೀಚರ್ ಇಡೀ ಕ್ಲಾಸಿನ ಮುಂದೆ “ನಿಮ್ಮ ಮನೆಯಲ್ಲಿ ಇದರ ಬಗ್ಗೆ ಏನು ಹೇಳುತ್ತಾರೆ?” ಎಂದು ಇವಳನ್ನೇ ಕೇಳಿದರಂತೆ. ಒಬ್ಬ ಹುಡುಗ “ನಿನ್ನ ಅಜ್ಜಿಯನ್ನು ಹೇಗೆ ಉಳಿಸಿದರು?” ಅಂದನಂತೆ. ನಮ್ಮ ತಂದೆ ತೀರಿಕೊಂಡು ನಾಲ್ಕು ವರ್ಷ. ಹೋದ ವರ್ಷ ಅಮ್ಮ ಆರು ತಿಂಗಳು ಬಂದಿದ್ದರು. ದಸರೆಗೆ ಗೊಂಬೆ ಕೂರಿಸಿದಾಗ ಕನ್ನಡ ಕೂಟದ ಗೆಳತಿಯರೆಲ್ಲ ಅರಿಸಿನ ಕುಂಕುಮಕ್ಕೆ ಬಂದರೆ, ಪಾಪ, ಅಮ್ಮ ತಾವಾಗಿಯೇ ರೂಮಿನೊಳಗೆ ಇದ್ದುಬಿಟ್ಟರು, ಯಾರಿಗೂ ಮುಜುಗರ ಮಾಡಲಿಲ್ಲ. ಈ ಸಲ ದಸರೆಗೆ ಮಗಳು ಕೆಳಗೇ ಇಳಿಯಲಿಲ್ಲ. “ನಿಮ್ಮದು ಹೆಂಗಸರನ್ನು ಸುಡೋ ಧರ್ಮ” ಅಂದಳು. ನಾನು ಎಂ.ಎಸ್ಸಿ. ಮಾಡಿದವಳು, ಇಲ್ಲಿಗೆ ಬಂದ ಮೊದಲ ಒಂಬತ್ತು ವರ್ಷ ಮನೆಯಲ್ಲೇ ಇದ್ದೆ. ಆಗ ಪಕ್ಕದ ಮನೆಯಾಕೆಯೂ “ನಿಮ್ಮ ಧರ್ಮದಲ್ಲಿ ಹೆಂಗಸರನ್ನು ಕೆಲಸಕ್ಕೆ ಕಳಿಸುವುದಿಲ್ಲವೇ?” ಎನ್ನುತ್ತಿದ್ದಳು. ಈ ಲೇಖಕಿಯರು ಬಿಳಿಯರನ್ನು ಮೆಚ್ಚಿಸಲು ಹೀಗೆ ಬರೆಯುತ್ತಾರೆಯೇ? ಪುಸ್ತಕ ತೆಗೆಸಲು ಅರ್ಜಿ ಕೊಡೋಣ ಎಂದು ಇಲ್ಲಿ ಕೆಲವರು ಹೇಳುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನೋವುಗಳು ಒಂದೇ ಗಂಟಿನಲ್ಲಿವೆ. ಪುಸ್ತಕದ ಮೇಲಿನ ಸಿಟ್ಟು ಒಂದು, ಟೀಚರ್ ಮಾಡಿದ್ದರ ಮೇಲಿನ ಸಿಟ್ಟು ಇನ್ನೊಂದು, ಮಗಳು ಕೈತಪ್ಪಿ ಹೋಗುತ್ತಿದ್ದಾಳೆಂಬ ಭಯ ಮತ್ತೊಂದು. ಮೂರಕ್ಕೂ ಒಂದೇ ಅರ್ಜಿಯಲ್ಲಿ ಪರಿಹಾರ ಸಿಗುವುದಿಲ್ಲ. ಟೀಚರ್ ವಿಷಯ ಎಲ್ಲಕ್ಕಿಂತ ಸುಲಭ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹದಿನಾರು ವರ್ಷದ ಹುಡುಗಿಯನ್ನು ನೂರು ಕೋಟಿ ಜನರ ವಕೀಲಳನ್ನಾಗಿ ಎಬ್ಬಿಸಿ ನಿಲ್ಲಿಸಿದ್ದು ತಪ್ಪು. ಮೂವತ್ತು ವರ್ಷ ಪಾಠ ಮಾಡಿದ ನಾನೂ ಆ ತಪ್ಪು ಮಾಡಿದ್ದೇನೆ. ಭೈರಪ್ಪನವರ ಕಾದಂಬರಿ ನಡೆಯುವಾಗ ಕ್ಲಾಸಿನಲ್ಲಿದ್ದ ಒಬ್ಬಳೇ ಮುಸ್ಲಿಂ ಹುಡುಗಿಯ ಕಡೆ ತಿರುಗಿ “ನೀನೇನಂತೀಯಮ್ಮಾ?” ಎಂದಿದ್ದೆ. ಅವಳು ತಲೆ ತಗ್ಗಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಪುಸ್ತಕ. ಅದನ್ನು ನೀವು ಓದಿದ್ದೀರೋ ಇಲ್ಲವೋ ಪತ್ರದಿಂದ ಗೊತ್ತಾಗಲಿಲ್ಲ. ಓದಿಲ್ಲವಾದರೆ ಈ ಒಂದು ವಿಷಯ ನಿಮಗೆ ಬೇಕು: ಅದರಲ್ಲಿ ಆ ಹುಡುಗಿ ಸತಿ ಹೋಗುವುದಿಲ್ಲ. ಹಸನಾಪುರವೆಂಬ ಹಳ್ಳಿಯ ಜ್ಯೋತಿ, ಬಾಂಬಿಗೆ ಬಲಿಯಾದ ಗಂಡ ಪ್ರಕಾಶನ ಸೂಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬರುತ್ತಾಳೆ. ಅವನು ಓದಬೇಕೆಂದಿದ್ದ ಫ್ಲಾರಿಡಾದ ಕಾಲೇಜಿನ ಅಂಗಳದಲ್ಲಿ ಅದನ್ನಿಟ್ಟು ತಾನೂ ಸುಟ್ಟುಕೊಳ್ಳುವುದು ಅವಳ ಲೆಕ್ಕ. ಕಳ್ಳದಾರಿಯಲ್ಲಿ ಕರೆತಂದ ಹಡಗಿನವನು ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವಳು ತನ್ನ ನಾಲಿಗೆಯನ್ನೇ ಕೊಯ್ದುಕೊಂಡು, ರಕ್ತ ಸುರಿಯುವ ಬಾಯಿಯಲ್ಲಿ ಕಾಳಿಯ ಹಾಗೆ ನಿಂತು ಅವನನ್ನು ಕೊಲ್ಲುತ್ತಾಳೆ. ಕೊನೆಗೆ ಸುಡುವುದು ಆ ಪೆಟ್ಟಿಗೆಯನ್ನು, ತನ್ನನ್ನಲ್ಲ. ಹಾಗಾಗಿ “ಹಿಂದೂ ಧರ್ಮವನ್ನು ಹೀಗಳೆಯುವ ಪುಸ್ತಕ” ಎಂದು ಅರ್ಜಿ ಬರೆದರೆ, ಮೊದಲ ಸಭೆಯಲ್ಲೇ ಯಾರಾದರೂ ಆ ಕಾಳಿಯ ಪುಟ ತೆರೆದು ತೋರಿಸುತ್ತಾರೆ.

“ಸತಿಯೆಲ್ಲ ಬ್ರಿಟಿಷರು ಕಟ್ಟಿದ ಕಥೆ” ಎಂದು ಮಗಳಿಗೆ ದಯವಿಟ್ಟು ಹೇಳಬೇಡಿ. ನಮ್ಮ ಊರೂರಲ್ಲೂ ಸತಿ ಹೋದವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳಿವೆ. ಮೊಣಕೈ ಮಡಿಸಿ ಮೇಲೆತ್ತಿದ ಬಳೆದೊಟ್ಟ ಕೈಯ ಆ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚುವ ಹಳ್ಳಿಗಳು ಹಾಸನ ಜಿಲ್ಲೆಯಲ್ಲೇ ನಿಮಗೆ ಸಿಗುತ್ತವೆ. 1829ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಸತಿಯನ್ನು ನಿಷೇಧಿಸುವ ಮೊದಲು ರಾಮಮೋಹನ ರಾಯರು ಅದರ ವಿರುದ್ಧ ವರ್ಷಗಟ್ಟಲೆ ಬರೆದರು. ಇನ್ನು 1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟರ ರೂಪ್ ಕನ್ವರ್ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಆ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ವರ್ಷ ನಮ್ಮ ಸಂಸತ್ತು ಹೊಸ ಕಾಯಿದೆ ಮಾಡಬೇಕಾಯಿತು. ‘ಜಾಸ್ಮಿನ್’ ಬಂದದ್ದು 1989ರಲ್ಲಿ. ಅಮೆರಿಕದ ಓದುಗರ ತಲೆಯಲ್ಲಿ ಆ ಬೆಂಕಿ ಇನ್ನೂ ಆರಿರಲಿಲ್ಲ.

ಹಾಗಾದರೆ ಕಾದಂಬರಿಯಲ್ಲಿ ತಪ್ಪೇ ಇಲ್ಲವೇ? ಇದೆ. ಜ್ಯೋತಿಯ ತಾಯಿಯೂ ಗಂಡನ ಚಿತೆಗೆ ಹಾರಲು ಹೋಗುತ್ತಾಳೆ. ಅದೇ ಊರಿನ ಇನ್ನೊಬ್ಬ ವಿಧವೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಒಂದೇ ಹಳ್ಳಿ, ಒಂದೇ ಪುಸ್ತಕ, ಗಂಡ ಸತ್ತವರಿಗೆಲ್ಲ ಬೆಂಕಿಯೇ ದಾರಿ! ನಾನಿದನ್ನು ಎಂ.ಎ. ತರಗತಿಗೆ ಪಾಠ ಮಾಡುವಾಗ ಕಲಬುರಗಿ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ನಮ್ಮ ಕಡಿ ಗಂಡ ಸತ್ರ ಉಡಕಿ ಮಾಡ್ತಾರ್ರೀ, ಸುಡಂಗಿಲ್ರಿ” ಅಂದ. ಕ್ಲಾಸು ನಕ್ಕಿತು, ನಾನು ನಗಲಿಲ್ಲ. ಆ ಒಂದು ಮಾತಿನಲ್ಲಿ ದೊಡ್ಡ ವಿಮರ್ಶೆಯಿತ್ತು. ಉಡಕಿ, ಕೂಡಾವಳಿ ಎಂದು ವಿಧವೆಗೆ ಮತ್ತೆ ಮದುವೆ ಮಾಡುವ ಪದ್ಧತಿ ನಮ್ಮ ಎಷ್ಟೋ ಜಾತಿಗಳಲ್ಲಿ ಹಿಂದಿನಿಂದ ಇತ್ತು. ಪಂಜಾಬ್, ಹರಿಯಾಣಗಳ ಬೇಸಾಯಗಾರ ಜಾತಿಗಳಲ್ಲಿ ವಿಧವೆಯನ್ನು ಮೈದುನನಿಗೆ ಕೊಡುವ ಕರೇವಾ ಇತ್ತು. ಅದೇನು ಹೂವಿನ ಹಾಸಿಗೆಯಲ್ಲ. ಎಷ್ಟೋ ಸಲ ಜಮೀನು ಹೊರಗೆ ಹೋಗದಿರಲಿ ಎಂದು ಅವಳ ಇಷ್ಟ ಕೇಳದೆ ಮಾಡುತ್ತಿದ್ದರು. ಆದರೂ ಆ ಮಣ್ಣಿನ ವಿಧವೆಯ ಕಷ್ಟ ಬೇರೆ ಇತ್ತು, ಮುಖರ್ಜಿ ಅದನ್ನು ಬಿಟ್ಟು ಇದನ್ನು ಆರಿಸಿಕೊಂಡರು. ಅವರು ಕಲ್ಕತ್ತೆಯ ಸ್ಥಿತಿವಂತ ಬ್ರಾಹ್ಮಣ ಕುಟುಂಬದ, ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದ ಹೆಣ್ಣುಮಗಳು. ಪಂಜಾಬಿನ ಹಳ್ಳಿ ಅವರಿಗೂ ದೂರದ ದೇಶವೇ.

ಸತಿಗಿಂತ ನನಗೆ ಹೆಚ್ಚು ಚುಚ್ಚುವುದು ಪುಸ್ತಕದ ಒಟ್ಟು ವಾಲು. ಭಾರತವೆಂದರೆ ವಿಧಿ, ಅಮೆರಿಕವೆಂದರೆ ಇಚ್ಛೆ. ಆಲದ ಮರದ ಕೆಳಗಿನ ಜೋಯಿಸ “ನಿನಗೆ ವೈಧವ್ಯ ಮತ್ತು ದೇಶಾಂತರ” ಎಂದು ಹೇಳುವಲ್ಲಿ ಕಥೆ ಶುರುವಾಗುತ್ತದೆ, ಕ್ಯಾಲಿಫೋರ್ನಿಯಾಕ್ಕೆ ಕಾರು ಹೊರಡುವಲ್ಲಿ ಮುಗಿಯುತ್ತದೆ. ಆದರೆ ಹುಷಾರಾಗಿ ನೋಡಿ: ಜ್ಯೋತಿಯನ್ನು ಜಾಸ್ಮಿನ್ ಮಾಡಿದವನು ಪ್ರಕಾಶ್, ಜೇಸ್ ಮಾಡಿದವನು ನ್ಯೂಯಾರ್ಕಿನ ಟೇಲರ್, ಜೇನ್ ಮಾಡಿದವನು ಅಯೋವಾದ ಬಡ್. ಈ ಮೂರು ಸಲವೂ ಹೊಸ ಹೆಸರಿಡಲು ಒಬ್ಬ ಗಂಡಸು ಬೇಕಾಯಿತು. ಅಮೆರಿಕದ ಸ್ವಾತಂತ್ರ್ಯವೂ ಅಷ್ಟರಲ್ಲೇ ಇದೆ. ನಿಮ್ಮ ಮಗಳು ಪ್ರಬಂಧ ಬರೆಯಬೇಕಾಗಿ ಬಂದರೆ ಈ ಎಳೆ ಹಿಡಿಯಲು ಹೇಳಿ, ಟೀಚರ್‌ಗೂ ಯೋಚನೆಗೆ ಸಿಗುತ್ತದೆ.

ಬಿಳಿಯರನ್ನು ಮೆಚ್ಚಿಸಲು ಬರೆಯುತ್ತಾರೆಯೇ ಎಂದು ಕೇಳಿದ್ದೀರಿ. ಬೇಕೆಂದೇ ಹಾಗೆ ಮಾಡುತ್ತಾರೆಂದು ನನಗನಿಸುವುದಿಲ್ಲ. ಮುಖರ್ಜಿ ಕೆನಡಾದಲ್ಲಿ ವರ್ಣಭೇದದಿಂದ ಬೇಸತ್ತು 1980ರಲ್ಲಿ ಆ ದೇಶ ಬಿಟ್ಟವರು, ಅದರ ಬಗ್ಗೆ ಕಟುವಾಗಿ ಬರೆದವರು. ‘ಇಂಡಿಯನ್-ಅಮೆರಿಕನ್’ ಎಂಬ ಅಡ್ಡಗೆರೆ ಬೇಡ, ತಾನು ಅಮೆರಿಕನ್ ಲೇಖಕಿ ಎಂದು ಹಟ ಹಿಡಿದವರು. ಅಮೆರಿಕದಲ್ಲೇ ನೆಲೆಸಿದ ಇನ್ನೊಬ್ಬ ಲೇಖಕಿ ಚಿತ್ರಾ ಬ್ಯಾನರ್ಜಿ ದಿವಾಕರುಣಿಯವರ ಮೇಲೂ ಇದೇ ದೂರು ಬರುತ್ತದೆ: ಅವರ ಕಥೆಗಳಲ್ಲಿ ಹೊಡೆಯುವ ಗಂಡಂದಿರು ಜಾಸ್ತಿ ಅಂತ. ಆದರೆ 1991ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕಡೆ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ ಶುರುವಾದ ‘ಮೈತ್ರಿ’ ಸಹಾಯವಾಣಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ‘ಅರೇಂಜ್ಡ್ ಮ್ಯಾರೇಜ್’ ಕಥಾಸಂಕಲನ ಬಂದದ್ದು 1995ರಲ್ಲಿ. ಫೋನಿನಲ್ಲಿ ಅಳು ಕೇಳಿದವರು ಕಥೆಯಲ್ಲಿ ಅದನ್ನು ಬರೆಯದೆ ಇನ್ನೇನು ಬರೆದಾರು? ಅದೇ ಸಂಕಲನದಲ್ಲಿ ಹೆಂಡತಿಯನ್ನು ಓದಿಸಬೇಕೆಂದು ಕನಸು ಕಾಣುವ ಒಳ್ಳೆಯ ಗಂಡನೂ ಇದ್ದಾನೆ. ಅವನನ್ನು ಕೊಲ್ಲುವುದು ನಮ್ಮ ಶಾಸ್ತ್ರವಲ್ಲ, ಅಂಗಡಿ ದೋಚಲು ಬಂದ ಅಮೆರಿಕದ ಬಂದೂಕು. ಆ ಕಥೆಯನ್ನು ಯಾರೂ “ಅಮೆರಿಕದ ಧರ್ಮವೇ ಹೀಗೆ” ಎಂದು ಓದುವುದಿಲ್ಲ ಎನ್ನುವುದನ್ನು ಗಮನಿಸಿ.

ತೊಂದರೆ ಇರುವುದು ಲೇಖಕಿಯ ಮನಸ್ಸಿಗಿಂತ ಪುಸ್ತಕ ತಲುಪುವ ಜಾಗದಲ್ಲಿ. 1927ರಲ್ಲಿ ಕ್ಯಾಥರಿನ್ ಮೇಯೋ ಎಂಬ ಅಮೆರಿಕದ ಲೇಖಕಿ ‘ಮದರ್ ಇಂಡಿಯಾ’ ಬರೆದಾಗ ಗಾಂಧೀಜಿ ಅದನ್ನು ಚರಂಡಿ ಇನ್‌ಸ್ಪೆಕ್ಟರನ ವರದಿ ಎಂದರು. ಬಾಲ್ಯವಿವಾಹ, ವಿಧವೆ, ಹೆರಿಗೆ ಕೋಣೆಯ ಕೊಳಕು, ಎಲ್ಲಕ್ಕೂ ಹಿಂದೂ ಧರ್ಮವೇ ಮೂಲ ಎನ್ನುವ ಅಚ್ಚು ಆಗಲೇ ಎರಕವಾಗಿತ್ತು. 1965ರ ವಲಸೆ ಕಾನೂನಿನ ನಂತರ ಹೋದ ಡಾಕ್ಟರು, ಇಂಜಿನಿಯರುಗಳ ಮನೆಯಿಂದ ಕಥೆ ಬರೆಯುವವರು ಹುಟ್ಟಿದಾಗ, ಅವರ ಕಥೆಗಳನ್ನೂ ಪ್ರಕಾಶಕರು, ಪುಸ್ತಕದಂಗಡಿಯವರು ಅದೇ ಅಚ್ಚಿಗೆ ಸುರಿದರು. ಮುಖಪುಟದಲ್ಲಿ ಸೀರೆಯ ಸೆರಗು, ಮೆಹಂದಿಯ ಕೈ, ಮಾವಿನಹಣ್ಣು. ಒಳಗೆ ಏನಿದ್ದರೂ ಹೊರಗೆ ಅದೇ. ಇನ್ನೊಂದು ವಿಚಿತ್ರ ನೋಡಿ. ಅಮೆರಿಕದ ತರಗತಿಗಳಿಗೆ ಹೆಚ್ಚಾಗಿ ಹೋದ ಮೂವರು, ಮುಖರ್ಜಿ, ದಿವಾಕರುಣಿ, ಜುಂಪಾ ಲಾಹಿರಿ, ಮೂವರೂ ಬಂಗಾಳಿ ಮನೆತನದವರು. ಹಾಗಾಗಿ ಅಲ್ಲಿ ‘ಹಿಂದೂ’ ಎಂದರೆ ದುರ್ಗಾಪೂಜೆ, ಮೀನು, ಶಂಖದ ಬಳೆ. ಸ್ವರ್ಣಗೌರಿಯಿಲ್ಲ, ಮಾರಿಹಬ್ಬವಿಲ್ಲ, ಎಲ್ಲಮ್ಮನಿಲ್ಲ, ಗಂಡನೆಂಬವನನ್ನೇ ಬಿಟ್ಟು ಹೊರಟ ಅಕ್ಕಮಹಾದೇವಿಯಂತೂ ಇಲ್ಲವೇ ಇಲ್ಲ. ನಿಮ್ಮ ಮಗಳು ಆ ಪುಸ್ತಕದಲ್ಲಿ ತನ್ನ ಮನೆಯನ್ನು ಹುಡುಕಿದರೆ ಸಿಗುವುದಾದರೂ ಹೇಗೆ?

ಈಗ ನೀವೇ ಬರೆದ ಒಂಬತ್ತು ವರ್ಷದ ಮಾತಿಗೆ ಬರುತ್ತೇನೆ. ನೀವು ಕೆಲಸ ಮಾಡದೆ ಮನೆಯಲ್ಲಿದ್ದದ್ದು ಮನು ಹೇಳಿದನೆಂದೇ? ನನ್ನ ಊಹೆ ಸರಿಯಿದ್ದರೆ ನಿಮ್ಮದು ಎಚ್-4 ವೀಸಾ. ಗಂಡನ ಕೆಲಸದ ವೀಸಾ ಎಚ್-1ಬಿಗೆ ಜೋತುಬಿದ್ದ ಆ ವೀಸಾದಲ್ಲಿ ದುಡಿಯುವಂತೆಯೇ ಇರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಬದಲಾದ ಮೇಲೆ, ಅದೂ ಗ್ರೀನ್ ಕಾರ್ಡಿನ ದಾರಿಯಲ್ಲಿ ಗಂಡ ಒಂದು ಹಂತ ದಾಟಿದ್ದರೆ ಮಾತ್ರ, ಹೆಂಡತಿಗೆ ಕೆಲಸದ ಪರವಾನಗಿ ಸಿಗತೊಡಗಿತು. 2006ಕ್ಕೆ ಒಂಬತ್ತು ಕೂಡಿಸಿದರೆ 2015. ನಿಮ್ಮನ್ನು ಮನೆಯಲ್ಲಿ ಕೂರಿಸಿದ್ದು ಅಮೆರಿಕದ ಸರ್ಕಾರದ ಕಾಗದ, ಪಕ್ಕದ ಮನೆಯಾಕೆ ಬೆರಳು ತೋರಿಸಿದ್ದು ನಿಮ್ಮ ದೇವರ ಮನೆಯ ಕಡೆಗೆ. ವಲಸೆ ಕಥೆಗಳನ್ನು ಓದುವಾಗ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಇದನ್ನೇ: ಈ ಹೆಂಗಸನ್ನು ಕಟ್ಟಿಹಾಕಿದ ಹಗ್ಗ ಯಾವುದು, ಅದನ್ನು ಕಥೆ ತೋರಿಸುತ್ತಿದೆಯೋ ಅಥವಾ ಅದರ ಜಾಗದಲ್ಲಿ ಹಣೆಯ ಕುಂಕುಮವನ್ನು ತೋರಿಸುತ್ತಿದೆಯೋ? ಲಾಹಿರಿಯವರ ಕಥೆಯೊಂದರಲ್ಲಿ ಮಿಸೆಸ್ ಸೇನ್ ಎಂಬಾಕೆ ತಾಜಾ ಮೀನು ತರಲಾರದೆ ಕುಗ್ಗುತ್ತಾಳೆ. ಯಾಕೆ? ಅವಳಿಗೆ ಕಾರು ಓಡಿಸಲು ಬರುವುದಿಲ್ಲ, ಆ ಊರಿನಲ್ಲಿ ಕಾರಿಲ್ಲದೆ ಕಾಲಿಲ್ಲ. ಹಗ್ಗವನ್ನು ಹಗ್ಗವಾಗಿಯೇ ತೋರಿಸಿದ ಕಥೆ ಅದು. ಅವರ ‘ದಿ ನೇಮ್‌ಸೇಕ್’ ಕಾದಂಬರಿಯ ಆಶಿಮಾ ಗಂಡನ ಹೆಸರು ಹಿಡಿದು ಕರೆಯುವವಳಲ್ಲ. ನಮ್ಮ ಅಜ್ಜಿಯರೂ “ಇವರು”, “ಏನೂಂದ್ರೆ” ಎಂದೇ ಬದುಕು ಕಳೆದರಲ್ಲ, ಹಾಗೆ. ಲಾಹಿರಿ ಅದನ್ನು ಗುಲಾಮಗಿರಿ ಎಂದು ಷರಾ ಬರೆಯುವುದಿಲ್ಲ, ಸೊಗಸೆಂದೂ ಹಾಡುವುದಿಲ್ಲ. ಗಂಡ ಸತ್ತ ಮೇಲೆ ಅದೇ ಆಶಿಮಾ ವರ್ಷದಲ್ಲಿ ಆರು ತಿಂಗಳು ಕಲ್ಕತ್ತ, ಆರು ತಿಂಗಳು ಅಮೆರಿಕ ಎಂದು ತಾನೇ ನಿರ್ಧರಿಸಿ ಹೊರಡುತ್ತಾಳೆ. ಬೆಂಕಿಯಿಲ್ಲದ ಈ ವಿಧವೆ ತರಗತಿಯ ಚರ್ಚೆಗೆ ಸಪ್ಪೆ ಎನಿಸುತ್ತಾಳೋ ಏನೋ.

ನಮ್ಮ ಕನ್ನಡದಲ್ಲೇ ನಡೆದ ಒಂದು ಪ್ರಸಂಗ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಮಲೆನಾಡಿನಲ್ಲಿ ಕೂತಲ್ಲ, ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ. 1965ರಲ್ಲಿ ಅದು ಬಂದಾಗ ಬ್ರಾಹ್ಮಣರಿಗೆ ಅವಮಾನ ಎಂದು ಇಲ್ಲಿ ಗಲಾಟೆಯಾಯಿತು, ವಾದವಾಯಿತು, ಹೊಗಳಿಕೆಯೂ ಬಂತು. ಅದು ನಮ್ಮ ಜಗಲಿಯ ಜಗಳ. ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಮೇಲೆ ಟ್ರಿನಿಡಾಡ್ ಮೂಲದ ವಿ.ಎಸ್. ನೈಪಾಲ್ ಅದನ್ನು ಓದಿ, 1977ರ ತಮ್ಮ ಪುಸ್ತಕದಲ್ಲಿ ಇಡೀ ಹಿಂದೂ ನಾಗರಿಕತೆಯ ಕಾಯಿಲೆಗೆ ಸಾಕ್ಷಿಯಾಗಿ ಬಳಸಿಕೊಂಡರು. ಪುಸ್ತಕ ಅದೇ. ಇಲ್ಲಿ ಅದು ದೂರ್ವಾಸಪುರವೆಂಬ ಒಂದು ಅಗ್ರಹಾರದ ಕಥೆ, ಅಲ್ಲಿ ಒಂದು ಧರ್ಮದ ರೋಗಪತ್ರ. (ಕಥೆಯ ಚಂದ್ರಿ ಪಾಪ ಎರಡೂ ಕಡೆ ನಾಯಕ ಪ್ರಾಣೇಶಾಚಾರ್ಯರ ಜ್ಞಾನೋದಯಕ್ಕೆ ಮೆಟ್ಟಿಲಾಗಿಯೇ ಉಳಿದಳು ಎನ್ನುವುದು ನನ್ನ ಹಳೆಯ ತಕರಾರು.) ಕನ್ನಡದ ಓದುಗರಿಗೆ ‘ಸಂಸ್ಕಾರ’ದ ಪಕ್ಕದಲ್ಲಿ ನೂರು ಪುಸ್ತಕಗಳಿವೆ, ಪಕ್ಕದ ಮನೆಯ ಅಗ್ರಹಾರದವರೂ ಇದ್ದಾರೆ. ನ್ಯೂಜೆರ್ಸಿಯ ಆ ಕ್ಲಾಸಿಗೆ ವರ್ಷಕ್ಕೆ ಭಾರತದ ಪುಸ್ತಕ ಒಂದೇ. ಯಾವ ಕಾದಂಬರಿಯೂ ಅಷ್ಟು ಭಾರ ಹೊರಲಾರದು.

ಆದ್ದರಿಂದ ಪುಸ್ತಕ ತೆಗೆಸುವ ಅರ್ಜಿಗೆ ನನ್ನ ಒಪ್ಪಿಗೆಯಿಲ್ಲ. ಇದ್ದ ಒಂದನ್ನೂ ತೆಗೆದರೆ ಆ ಜಾಗಕ್ಕೆ ಇನ್ನೊಂದು ಭಾರತೀಯ ಪುಸ್ತಕ ಬರುತ್ತದೆಂಬ ಭರವಸೆಯಿಲ್ಲ. ಅದೇ ನಮೂನೆಯ ಅರ್ಜಿಗಳಿಂದ ಟೋನಿ ಮಾರಿಸನ್ ಅವರಂಥ ಕರಿಯ ಲೇಖಕಿಯ ಕಾದಂಬರಿಗಳನ್ನು ಅಲ್ಲಿನ ಶಾಲೆಗಳಿಂದ ತೆಗೆಸುತ್ತಿದ್ದಾರೆ. ಅವರ ಪಕ್ಕದಲ್ಲಿ ನಿಮ್ಮ ಸಹಿಯೂ ಬೀಳುತ್ತದೆ. 2005-06ರಲ್ಲಿ ಕ್ಯಾಲಿಫೋರ್ನಿಯಾದ ಆರನೇ ತರಗತಿ ಚರಿತ್ರೆ ಪುಸ್ತಕದಲ್ಲಿ ಹಿಂದೂ ಧರ್ಮದ ಚಿತ್ರಣ ತಿದ್ದಬೇಕೆಂದು ಕೆಲವು ಸಂಘಟನೆಗಳು ಹೊರಟಾಗ, ಜಾತಿಯ ಮಾತು, ಹೆಂಗಸರ ಮಾತು ಅಳಿಸಬೇಡಿ ಎಂದು ಭಾರತೀಯರೇ ಎದುರು ನಿಂತರು, ಅವರಲ್ಲಿ ದಲಿತರೂ ಇದ್ದರು. ಅದು ಪಠ್ಯಪುಸ್ತಕ, ಸರಿತಪ್ಪಿನ ಪ್ರಶ್ನೆಗೆ ಅಲ್ಲಿ ಜಾಗವಿತ್ತು. ಕಾದಂಬರಿಯ ಮೇಲೆ ಅದೇ ಅಸ್ತ್ರ ಬಿಟ್ಟರೆ ನಿಮಗೇ ತಿರುಗಿ ಬರುತ್ತದೆ.

ಮಗಳೊಬ್ಬಳಿಗೆ ಬೇರೆ ಪುಸ್ತಕ ಕೊಡಿ ಎಂದು ಕೇಳಬಹುದು, ಎಷ್ಟೋ ಶಾಲೆಗಳು ಒಪ್ಪುತ್ತವೆ. ಆದರೆ ಮೂರು ವಾರ ಅವಳು ಲೈಬ್ರರಿಯಲ್ಲಿ ಒಂಟಿಯಾಗಿ ಕೂತರೆ “ನಿನ್ನ ಅಜ್ಜಿ” ಎಂದ ಹುಡುಗ ಗೆದ್ದಂತೆ. ಇದನ್ನು ಮಗಳೇ ಬೇಕೆಂದು ಕೇಳಿದರೆ ಮಾತ್ರ ಮಾಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಟೀಚರ್‌ಗೆ ಒಂದು ಪುಟದ ಪತ್ರ ಬರೆಯುತ್ತಿದ್ದೆ. ಸಿಟ್ಟಿಲ್ಲದೆ, ಮಗಳಿಗೆ ತೋರಿಸಿ, ಅವಳು ಹೂಂ ಅಂದ ಮೇಲೆ. ಮಗುವನ್ನು ಸಾಕ್ಷಿಕಟ್ಟೆಗೆ ಹತ್ತಿಸಬೇಡಿ ಎಂಬುದು ಅದರಲ್ಲಿ ಒಂದು ಮಾತು. ಈ ಕಾದಂಬರಿಯ ಪಕ್ಕಕ್ಕೆ ಇನ್ನೊಬ್ಬ ವಿಧವೆಯ ಕಥೆಯನ್ನೂ ಇಡಿ ಎಂಬುದು ಇನ್ನೊಂದು. ಯಾವುದು ಅಂದರೆ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಕನ್ನಡದಲ್ಲಿ 1976ರಲ್ಲಿ ಬಂತು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಬಂದದ್ದು 1989ರಲ್ಲಿ, ‘ಜಾಸ್ಮಿನ್’ ಬಂದ ವರ್ಷವೇ! ಬಾಲ್ಯದಲ್ಲೇ ಗಂಡ ಸತ್ತು, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಮಲೆನಾಡಿನ ಹೆಂಗಸು. ಅವಳು ಓಡಿಹೋಗುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ, ಹೆಸರನ್ನೂ ಬದಲಿಸಿಕೊಳ್ಳುವುದಿಲ್ಲ. ಮಡಿಯೊಳಗೇ ಇದ್ದು ಹೆರಿಗೆ ಮಾಡಿಸುತ್ತಾಳೆ, ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲೊಲ್ಲೆ ಎಂದಾಗ ಅವಳ ಪರ ನಿಲ್ಲುತ್ತಾಳೆ. ಹಿಂದೂ ಆಚಾರದ ಕ್ರೌರ್ಯವನ್ನು ಮುಖರ್ಜಿಗಿಂತ ಇಂದಿರಾ ಹೆಚ್ಚು ನಿಖರವಾಗಿ ಬರೆದಿದ್ದಾರೆ, ಒಂದು ಬೆಂಕಿಕಡ್ಡಿಯನ್ನೂ ಗೀರದೆ. ಆ ಕ್ರೌರ್ಯ ನಿಮಗೆ ಹಿಡಿಸದಿರಬಹುದು, ಅದು ಈ ದಾರಿಯ ಅಪಾಯ. ಇನ್ನೊಂದು ಅಪಾಯ, ಟೀಚರ್ ಖುಷಿಯಾಗಿ “ನೀವೇ ಬಂದು ಹಿಂದೂ ಧರ್ಮದ ಬಗ್ಗೆ ಮಾತಾಡಿ” ಎನ್ನುವುದು. ಸೀರೆ ಉಟ್ಟು ಸಮೋಸಾ ಹಿಡಿದು ಹೋಗಬೇಡಿ. ಹೋದರೆ ಎಚ್-4 ವೀಸಾದ ಬಗ್ಗೆ ಮಾತಾಡಿ.

ಸತಿಗೆ ಮದ್ದಾಗಿ ದೇವಿಯನ್ನು ತರುವವರೂ ಇದ್ದಾರೆ. ದ್ರೌಪದಿ ಹೇಳಿದ ಮಹಾಭಾರತ, ಸೀತೆ ಹೇಳಿದ ರಾಮಾಯಣ, ದಿವಾಕರುಣಿಯವರೇ ಎರಡನ್ನೂ ಬರೆದಿದ್ದಾರೆ. ಓದಲು ಚೆನ್ನಾಗಿವೆ, ಕೊಡಿ. ಅವುಗಳಿಂದ ನಿಮ್ಮ ಮಗಳ ಸಿಟ್ಟು ಇಳಿಯುತ್ತದೆಂದು ಮಾತ್ರ ನಂಬಿ ಕೂರಬೇಡಿ. ಚಿತೆಯ ಮೇಲಿನವಳೂ ಸಿಂಹದ ಮೇಲಿನವಳೂ ದಸರೆಯ ದಿನ ರೂಮಿನೊಳಗೆ ಕೂತ ಅಜ್ಜಿಯಲ್ಲವಲ್ಲ.

ಹೌದು, ಅಲ್ಲಿಗೇ ಬರಬೇಕಿತ್ತು ನಾನು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. “ಯಾರಿಗೂ ಮುಜುಗರ ಮಾಡಲಿಲ್ಲ” ಎಂದು ನೀವು ಪ್ರೀತಿಯಿಂದಲೇ ಬರೆದಿದ್ದೀರಿ. ಆ ದಿನ ಮಗಳು ಎಲ್ಲಿದ್ದಳು? ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿದ್ದಳೇ? ಆ ಬಟ್ಟಲು ಯಾಕೆ ಒಂದು ಬಾಗಿಲಿನ ಮುಂದೆ ನಿಲ್ಲಲಿಲ್ಲ ಎಂದು ಅವಳು ಆಗ ಕೇಳಿರಲಿಕ್ಕಿಲ್ಲ. ಒಂದು ವರ್ಷದ ಮೇಲೆ ಯಾವುದೋ ಕಾದಂಬರಿ ಅವಳಿಗೆ ಮಾತು ಕೊಟ್ಟಿತು, ತಪ್ಪು ಮಾತು, ತೀರಾ ದೊಡ್ಡ ಮಾತು. ಆದರೆ ಅವಳು ಕಂಡದ್ದು ಸುಳ್ಳಲ್ಲ. ಇದು ನನ್ನ ಊಹೆ, ತಪ್ಪಿದ್ದರೆ ಕ್ಷಮಿಸಿ. ಸರಿಯಿದ್ದರೆ ಅವಳಿಗೆ “ಧರ್ಮ ಹಾಗಲ್ಲ” ಎಂದು ಪಾಠ ಹೇಳುವ ಮೊದಲು, ಅಂದು ನೀನು ಏನು ನೋಡಿದೆ ಎಂದು ಕೇಳಿ. ಎಷ್ಟೋ ಮನೆಗಳಲ್ಲಿ ಈಗ ಅಜ್ಜಿಯರಿಗೂ ಕುಂಕುಮ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅದು ಶುರುವಾದದ್ದು ನನ್ನ ಅಮ್ಮ ಬೇಡ ಬೇಡ ಅಂದರೂ ನನ್ನ ತಂಗಿ ಹಟ ಹಿಡಿದಾಗ. ಅಮ್ಮ ಆ ದಿನ ಊಟ ಮಾಡಲಿಲ್ಲ, ಮುಂದಿನ ವರ್ಷ ಹಣೆ ಮುಂದೆ ಮಾಡಿದರು. ನಿಮ್ಮ ಅಮ್ಮನಿಗೆ ಏನು ಬೇಕೋ ಅದನ್ನು ಅವರೇ ಹೇಳಬೇಕು.

ಅಂದ ಹಾಗೆ, ಹಾಸನದ ಕಡೆ ಆ ವಯಸ್ಸಿನ ಹೆಂಗಸರು ಎಂ.ಕೆ. ಇಂದಿರಾ ಅವರನ್ನು ಓದದೆ ಇರುವುದು ಅಪರೂಪ. ಪ್ರೇಮಾ ಕಾರಂತರ ‘ಫಣಿಯಮ್ಮ’ ಸಿನಿಮಾವನ್ನಾದರೂ ನೋಡಿರುತ್ತಾರೆ. ಇಂಗ್ಲಿಷ್ ‘ಫಣಿಯಮ್ಮ’ ಮಗಳ ಕೈಗೆ ಸಿಕ್ಕ ಮೇಲೆ, ಅಜ್ಜಿಗೆ ವಿಡಿಯೊ ಕಾಲ್ ಹಚ್ಚಿಕೊಡಿ. ಅವರಿಬ್ಬರೂ ಮಾತಾಡುವಷ್ಟು ಹೊತ್ತು ನೀವು ರೂಮಿನೊಳಗೆ ಇದ್ದುಬಿಡಿ.